ಟೆನೆಸಿ ರೋಡ್ ಟ್ರಿಪ್: ಹೋಗಿಬಂದವರು ಸಹಾಯ ಮಾಡಿ
ಎಲ್ಲರಿಗೂ ನಮಸ್ಕಾರ. ನಾನೂ ನನ್ನ ತಮ್ಮನೂ ಅಮೆರಿಕದ ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ಗೆ ಹೋಗ್ತಿದ್ದೀವಿ. ಅಲ್ಲಿಂದ ಸುಮಾರು 120 ಕಿ.ಮೀ. ದೂರದ ಲಿಂಚ್‌ಬರ್ಗ್‌ಗೆ, ಜ್ಯಾಕ್ ಡೇನಿಯಲ್ಸ್ ಡಿಸ್ಟಿಲರಿ ನೋಡೋಕೆ. ಶುಗರ್ ಮೇಪಲ್ ಇದ್ದಿಲಿನ ಮೂಲಕ ವಿಸ್ಕಿ ತೊಟ್ಟು ತೊಟ್ಟಾಗಿ ಇಳಿಯೋ ಜಾಗದಲ್ಲಿ ನಿಂತು ಆ ವಾಸನೆ ತಗೋಬೇಕು ಅನ್ನೋದು ಬಹಳ ದಿನದ ಆಸೆ.

ತಲೆನೋವು ಒಂದೇ: ಇಬ್ಬರಿಗೂ ಟೇಸ್ಟಿಂಗ್ ಬೇಕು, ಕುಡಿದು ಸ್ಟೀರಿಂಗ್ ಮುಟ್ಟೋ ಮಾತೇ ಇಲ್ಲ. ನ್ಯಾಶ್‌ವಿಲ್‌ನಿಂದ ಬಸ್ ಟೂರ್‌ನಲ್ಲಿ ಹೋದವರು ಇದ್ದೀರಾ? ಅವಸರ ಮಾಡಿಸ್ತಾರಾ?

ರಾತ್ರಿ ನ್ಯಾಶ್‌ವಿಲ್‌ನ ಬ್ರಾಡ್‌ವೇ ರಸ್ತೆಯ ಹಾಂಕಿ ಟಾಂಕ್‌ಗಳು, ಅಂದ್ರೆ ಲೈವ್ ಕಂಟ್ರಿ ಸಂಗೀತದ ಬಾರ್‌ಗಳು. ಕಿವಿಗಡಚಿಕ್ಕೋ ಪಾರ್ಟಿ ಬೇಡ, ಸ್ಟೀಲ್ ಗಿಟಾರ್ ನುಡಿಸೋರ ಬೆರಳು ಕಾಣೋಷ್ಟು ಹತ್ತಿರ ಕೂತು ಹಳೇ ಕಂಟ್ರಿ ಹಾಡು ಕೇಳಬೇಕು. ಯಾವ ಬಾರ್, ಎಷ್ಟು ಗಂಟೆಗೆ ಹೋದ್ರೆ ಸೀಟ್ ಸಿಗುತ್ತೆ? ಬ್ಯಾಂಡ್‌ನವರಿಗೆ ಟಿಪ್ಸ್ ಎಷ್ಟು ಹಾಕೋದು ಮರ್ಯಾದೆ? ದಯವಿಟ್ಟು ತಿಳಿಸಿ.