ಡಿಸೆಂಬರ್‌ನಲ್ಲಿ ಶರಾವತಿ ಹಿನ್ನೀರಿನ ದಂಡೆಗುಂಟ ಗುಂಪು ಚಾರಣ: ಬಲ್ಲವರು ತಿಳಿಸಿ

ಶಿವಮೊಗ್ಗದ ಚಾರಣಿಗ:

ನಮಸ್ಕಾರ. ನಮ್ಮ ಬಡಾವಣೆಯ ಹನ್ನೆರಡು ಮಂದಿ ಡಿಸೆಂಬರ್‌ನ ಮೂರನೆಯ ಭಾನುವಾರ ಸಾಗರ ತಾಲ್ಲೂಕಿನ ಹೊನ್ನೇಮರಡು ಆಸುಪಾಸಿನಲ್ಲಿ ಹಿನ್ನೀರನ್ನು ಪಕ್ಕಕ್ಕಿಟ್ಟುಕೊಂಡು ಕಾಡಿನೊಳಗೆ ಏಳೆಂಟು ಕಿಲೋಮೀಟರ್ ನಡೆಯಬೇಕೆಂದಿದ್ದೇವೆ. ಗುಂಪಿನಲ್ಲಿ ಅರವತ್ತು ದಾಟಿದ ಇಬ್ಬರೂ ಹೈಸ್ಕೂಲು ಓದುವ ಮೂವರು ಮಕ್ಕಳೂ ಇದ್ದಾರೆ. ನೀರಿನ ಮೇಲೆ ಮಂಜು ಏಳುವುದನ್ನು ನೋಡಲು ಬೆಳಗಿನ ಆರಕ್ಕೇ ಕಾಡು ಹೊಗಬೇಕೆಂಬುದು ಹೆಚ್ಚಿನವರ ಹಟ. ಹೋದ ಆಗಸ್ಟ್‌ನಲ್ಲಿ ಕವಲೇದುರ್ಗಕ್ಕೆ ಹೋಗಿ ಉಂಬಳದ (ಕಾಡಿನ ಜಿಗಣೆಯ) ಕಾಟಕ್ಕೆ ಅರ್ಧದಲ್ಲೇ ಹಿಂತಿರುಗಿದ್ದೆವು. ಚಳಿಗಾಲದಲ್ಲಿ ಆ ತೊಂದರೆ ಇರಲಾರದೆಂದು ಈ ತಿಂಗಳನ್ನು ಆರಿಸಿಕೊಂಡೆವು. ಮಳೆ ನಿಂತ ಮೇಲೂ ಕಾಡು ಒದ್ದೆಯಾಗಿರುತ್ತದೆಯೇ? ಚಳಿಗೆ ಏನು ತೊಡುವುದು ಒಳ್ಳೆಯದು?

ಸಾಗರದ ಕಡೆಯ ಕೃಷಿಕ:

ಆರು ಗಂಟೆಯ ಮಾತು ಬಿಡಿ. ಡಿಸೆಂಬರ್ ಹೊತ್ತಿಗೆ ನಮ್ಮಲ್ಲಿ ಸೂರ್ಯ ಮೂಡುವುದೇ ಆರೂ ಮುಕ್ಕಾಲರ ಆಚೀಚೆ. ಕಾನಿನೊಳಗೆ ಕಾಲಬುಡ ಕಾಣುವಷ್ಟು ಬೆಳಕು ಬೀಳಲು ಇನ್ನೂ ಅರ್ಧ ಗಂಟೆ ಬೇಕು. ಮಳೆ ಇಲ್ಲದಿದ್ದರೂ ಇಬ್ಬನಿ ಇದ್ದೇ ಇದೆ. ರಾತ್ರಿಯೆಲ್ಲ ಎಲೆಯ ಮೇಲೆ ಕೂತ ನೀರು ಬೆಳಗಿನ ಗಾಳಿಗೆ ಟಪಟಪನೆ ಉದುರುತ್ತದೆ, ಮೊಣಕಾಲೆತ್ತರದ ಹುಲ್ಲಿನ ಬ್ಯಾಣವನ್ನು ಹತ್ತು ನಿಮಿಷ ದಾಟುವಷ್ಟರಲ್ಲಿ ಪ್ಯಾಂಟು ತೊಡೆಯವರೆಗೆ ತೊಯ್ದು ಕಾಲಿಗೆ ಅಂಟಿಕೊಳ್ಳುತ್ತದೆ. ಎರಡು ವರ್ಷದ ಹಿಂದೆ ನನ್ನ ಭಾವನ ಮಗ ಹೀಗೆಯೇ ಜೀನ್ಸ್ ತೊಟ್ಟು ಬೆಳಕು ಹರಿಯುವ ಮೊದಲೇ ಹೊರಟು, ಎಂಟು ಗಂಟೆಗೆ ಹಲ್ಲು ಕಟಕಟನೆ ಕಡಿಯುತ್ತ ನಮ್ಮ ಅಡುಗೆಮನೆಯ ಒಲೆಯ ಮುಂದೆ ಬಂದು ಕುಳಿತಿದ್ದ. ಹತ್ತಿಯ ದಪ್ಪ ಬಟ್ಟೆ ಒದ್ದೆಯಾದರೆ ಮಧ್ಯಾಹ್ನದವರೆಗೂ ಒಣಗುವುದಿಲ್ಲ. ಬೇಗ ಒಣಗುವ ಪ್ಯಾಂಟು, ಮೇಲೊಂದು ಉಣ್ಣೆಯ ಸ್ವೆಟರು, ಚೀಲದಲ್ಲಿ ಇನ್ನೊಂದು ಜೊತೆ ಕಾಲುಚೀಲ, ಇಷ್ಟಿದ್ದರೆ ಸಾಕು. ಮಂಜನ್ನು ಬಯಲಿನಲ್ಲಿ ನಿಂತೇ ನೋಡಿ, ತಿಂಡಿ ಮುಗಿಸಿ, ಒಂಬತ್ತರ ಮೇಲೆ ಕಾಡಿಗೆ ಇಳಿಯಿರಿ.

ಇನ್ನೊಂದು ಮೋಸ ದಂಡೆಯಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮುಳುಗಡೆಯಾದ ಊರುಗಳ ಹಳೆಯ ಗಾಡಿದಾರಿಗಳು ಈಗಲೂ ಕಾಡಿನಿಂದ ಇಳಿದು ನೇರ ನೀರಿಗೇ ಹೋಗುತ್ತವೆ. ದಾರಿ ಚೆನ್ನಾಗಿದೆಯೆಂದು ಅದನ್ನೇ ಹಿಡಿದವರು ಕೊನೆಗೆ ಸುತ್ತಿ ಬಳಸಿ ವಾಪಸು ಹತ್ತಬೇಕಾಗುತ್ತದೆ. ಮಳೆಗಾಲ ಕಳೆದು ವಿದ್ಯುತ್ತಿಗಾಗಿ ನೀರು ಬಿಡುತ್ತ ಹೋದಂತೆ ದಂಡೆ ಕೆಳಗೆ ಸರಿಯುತ್ತದೆ. ಆಗ ಬಯಲಾಗುವ ಮಣ್ಣು ಮೇಲೆ ಹಪ್ಪಳದಂತೆ ಒಣಗಿ ಬಿರುಕುಬಿಟ್ಟಿದ್ದರೂ ಕಾಲಿಟ್ಟರೆ ಕೆಳಗೆ ಮೊಣಕಾಲುದ್ದದ ಕೆಸರು. ಮಕ್ಕಳನ್ನು ನೀರಿನಂಚಿಗೆ ಬಿಡಬೇಡಿ.

ಹಳ್ಳಿಯ ಆರೋಗ್ಯ ಕಾರ್ಯಕರ್ತೆ:

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಉಂಬಳ ಇಲ್ಲವೆಂದು ಡಿಸೆಂಬರ್ ಆರಿಸಿಕೊಂಡಿದ್ದೇವೆ ಎಂಬ ನಿಮ್ಮ ಮಾತನ್ನು ಓದಿ ಸುಮ್ಮನಿರಲಾಗಲಿಲ್ಲ. ಉಂಬಳ ಹೋದ ಮೇಲೆ ಬರುವುದು ಉಣುಗು, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆಹುಳು. ನವೆಂಬರ್‌ನಿಂದ ಬೇಸಿಗೆಯವರೆಗೆ ಎಳ್ಳುಕಾಳಿಗಿಂತ ಚಿಕ್ಕದಾದ ಮರಿ ಉಣುಗುಗಳು ತರಗೆಲೆಯಲ್ಲೂ ಪೊದೆಯ ತುದಿಯಲ್ಲೂ ಕಾದಿರುತ್ತವೆ. ಮಂಗನ ಕಾಯಿಲೆ ಹರಡುವುದು ಇವುಗಳಿಂದಲೇ. 1957ರಲ್ಲಿ ಈ ರೋಗವನ್ನು ಮೊದಲು ಗುರುತಿಸಿದ್ದು ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ; 2018ರ ಕೊನೆಯಲ್ಲಿ ಶುರುವಾಗಿ 2019ರಲ್ಲಿ ಈ ರೋಗ ಹಲವರನ್ನು ಬಲಿ ತೆಗೆದುಕೊಂಡ ಅರಳಗೋಡು ಇರುವುದು ನೀವು ಹೋಗುವ ಸಾಗರ ತಾಲ್ಲೂಕಿನಲ್ಲಿಯೇ.

ಹೆದರಿ ಮನೆಯಲ್ಲಿ ಕೂರಿ ಎಂದು ಹೇಳುತ್ತಿಲ್ಲ. ಉಂಬಳಕ್ಕೆ ಹಚ್ಚುವ ಸುಣ್ಣ, ನಶ್ಯಪುಡಿಗಳನ್ನು ನಂಬಿಕೊಂಡು ಉಣುಗಿನ ಕಾಡಿಗೆ ಹೋಗಬೇಡಿ ಎನ್ನುತ್ತಿದ್ದೇನೆ, ಅಷ್ಟೇ. ಆರೋಗ್ಯ ಇಲಾಖೆಯವರು ಕೊಡುವ, ಉಣುಗು ಹತ್ತದಂತೆ ತಡೆಯುವ ಡೆಪಾ ತೈಲವನ್ನು ಹೊರಡುವ ಮೊದಲು ಕೈಕಾಲು, ಕುತ್ತಿಗೆಗೆ ಹಚ್ಚಿಕೊಳ್ಳಿ. ಉಣುಗು ಮೈಮೇಲೆ ಹರಿದಾಡಿದರೆ ಕಾಣುವಂತೆ ತಿಳಿಬಣ್ಣದ ಬಟ್ಟೆ ತೊಟ್ಟು, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಿ. ಊಟಕ್ಕೆ ಕುಳಿತಾಗ ತರಗಿನ ಮೇಲೆ ಕೂರುವುದನ್ನು ಮಾತ್ರ ಖಂಡಿತ ಮಾಡಬೇಡಿ. ಮೆತ್ತಗಿದೆಯೆಂದು ಎಲ್ಲರೂ ಅಲ್ಲೇ ಕೂರುತ್ತಾರೆ. ಕಚ್ಚಿಕೊಂಡದ್ದನ್ನು ಉಗುರಿನಲ್ಲಿ ಜಜ್ಜದೆ ಚಿಮಟದಿಂದ ನಿಧಾನವಾಗಿ ಎಳೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಿ ಫೋಟೋ ತೆಗೆಯದೆ, ಬಂದ ದಾರಿಯಲ್ಲೇ ಹಿಂತಿರುಗಿ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮರಳಿದ ಮೇಲೆ ಹತ್ತು ದಿನದೊಳಗೆ ಯಾರಿಗಾದರೂ ತಟಕ್ಕನೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಿ.

ತೀರ್ಥಹಳ್ಳಿಯವ:

ಹಿನ್ನೀರಿನ ಸುತ್ತಲಿನ ಬಹಳಷ್ಟು ಕಾಡು ಶರಾವತಿ ಕಣಿವೆ ಅಭಯಾರಣ್ಯಕ್ಕೆ ಸೇರಿದೆ. ನಿಮ್ಮ ದಾರಿ ಅದರೊಳಗೆ ಹಾಯುತ್ತದೆಯೇ ಎಂದು ವಲಯ ಅರಣ್ಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಅನುಮತಿ ಪಡೆದೇ ಹೋಗಿ. ಚಳಿಯೆಂದು ಕಾಡಿನೊಳಗೆ ಬೆಂಕಿ ಹಾಕುವ ಯೋಚನೆ ಇದ್ದರೆ ಬಿಟ್ಟುಬಿಡಿ. ಫ್ಲಾಸ್ಕಿನಲ್ಲಿ ಕಷಾಯ ಒಯ್ಯಿರಿ.

ಶಿವಮೊಗ್ಗದ ಚಾರಣಿಗ:

ಎಲ್ಲರಿಗೂ ಧನ್ಯವಾದ. ಉಣುಗಿನ ವಿಷಯ ನಮ್ಮ ಹನ್ನೆರಡು ಮಂದಿಯಲ್ಲಿ ಒಬ್ಬರ ತಲೆಗೂ ಬಂದಿರಲಿಲ್ಲ. ಒಂಬತ್ತೂವರೆಗೆ ಹೊರಟು ನಾಲ್ಕೇ ಕಿಲೋಮೀಟರ್ ನಡೆದು, ಊಟಕ್ಕೆ ಬಯಲಿಗೇ ಬರುವುದೆಂದು ನಿನ್ನೆ ಸಂಜೆ ಮಾತಾಯಿತು. ಹಿರಿಯರಿಬ್ಬರು ನಿಧಾನ ನಡೆಯುವವರು. ಅವರನ್ನು ಮುಂದೆ ಬಿಡುವುದೋ ಹಿಂದೆ ಬಿಡುವುದೋ ಎಂಬುದೊಂದೇ ಈಗ ಉಳಿದಿರುವ ಜಗಳ.

ಸಾಗರದ ಕಡೆಯ ಕೃಷಿಕ:

ಮುಂದೆ ಬಿಡಿ. ಅವರ ಹೆಜ್ಜೆಗೆ ಎಲ್ಲರೂ ನಡೆಯಲಿ, ದಾರಿ ಬಲ್ಲ ಊರಿನವರೊಬ್ಬರು ಅವರ ಜೊತೆಗಿರಲಿ, ಕೊನೆಯಲ್ಲಿ ಗಟ್ಟಿಮುಟ್ಟಾದ ಒಬ್ಬರು ತಲೆ ಎಣಿಸುತ್ತ ಬರಲಿ. ದಾರಿಯ ಜಂಬಿಟ್ಟಿಗೆ ಕಲ್ಲಿನ ಮೇಲೆ ಪಾಚಿ ಕಟ್ಟಿರುತ್ತದೆ, ಇಳಿಜಾರಿನಲ್ಲಿ ಹಿರಿಯರಿಬ್ಬರ ಕೈಗೂ ಒಂದೊಂದು ಕೋಲು ಕೊಡಿ.