ಸುಣ್ಣ ಹಾಕಿದ ದಿನವೇ ಸಲ್ಫೇಟ್ ಹಾಕಿದ್ವಿ, ತೋಟ ತುಂಬಾ ಮೂಗು ಉರಿಯೋ ವಾಸನೆ. ಅನುಭವ ಇರೋರು ಹೇಳಿ

ಎಲ್ರಿಗೂ ನಮಸ್ಕಾರ. ಸಾಗರದ ಹತ್ರ ನಮ್ದು 2 ಎಕರೆ ಅಡಿಕೆ ತೋಟ. ಮಣ್ಣು ಪರೀಕ್ಷೆಯಲ್ಲಿ ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) 5.1 ಬಂದಿತ್ತು, ಸುಣ್ಣ ಹಾಕಿ ಅಂತ ಬರೆದಿದ್ರು. ಮೊದಲ ಮಳೆ ಬಿದ್ದ ಮೇಲೆ ಆಳು ಸಿಕ್ಕಿದ್ದೇ ಒಂದು ದಿನ, ಹಾಗಾಗಿ ಬೆಳಿಗ್ಗೆ ಮರಕ್ಕೆ ಅರ್ಧ ಕೆಜಿ ಅರಳಿಸಿದ ಸುಣ್ಣ, ಮಧ್ಯಾಹ್ನ ಅದರ ಮೇಲೇ ಕಾಲು ಕೆಜಿ ಅಮೋನಿಯಂ ಸಲ್ಫೇಟ್ ಹಾಕ್ತಾ ಹೋದ್ವಿ. ಸ್ವಲ್ಪ ಹೊತ್ತಿಗೇ ಮೂಗು ಉರಿಯೋಕೆ ಶುರು, ಬುಡಕ್ಕೆ ಬಗ್ಗಿದವರಿಗೆಲ್ಲ ಕಣ್ಣಲ್ಲಿ ನೀರು. ಸುಮಾರು 300 ಮರಕ್ಕೆ ಹಾಕಿ ನಿಲ್ಲಿಸಿದ್ವಿ. ಅಪ್ಪ ಗೊಬ್ಬರ ಹಳೇದು ಕೊಟ್ಟಿದಾರೆ ಅಂತಾರೆ. ಪಕ್ಕದ ತೋಟದವರು ಅದು ಅಮೋನಿಯಾ ಆಗಿದ್ರೆ ಬಿಳಿ ಹೊಗೆ ಏಳ್ಬೇಕಿತ್ತು, ಎದ್ದಿಲ್ಲ ಅಂದ್ಮೇಲೆ ಏನೋ ಕಲಬೆರಕೆ ಅಂತಾರೆ. ಹಾಕಿದ್ದು ಪೂರ್ತಿ ಹೋಯ್ತಾ? ಮರಕ್ಕೆ ತೊಂದ್ರೆ ಇದ್ಯಾ? ಮತ್ತೆ ಹಾಕ್ಬೇಕಾ? ಇಂಥದ್ದು ಯಾರಿಗಾದ್ರೂ ಆಗಿದ್ರೆ ದಯವಿಟ್ಟು ಹೇಳಿ.

ತೀರ್ಥಹಳ್ಳಿ ಕಡೆಯಿಂದ, ಅಡಿಕೆ ಬೆಳೆಗಾರ, ಮೊದಲು ಪಿಯು ಕೆಮಿಸ್ಟ್ರಿ ಮೇಷ್ಟ್ರು

ತಮ್ಮಾ, ಮೊದಲು ಗಾಬರಿ ಬಿಡು. ಬೆಳೆದ ಮರಕ್ಕೆ ಏನೂ ಆಗಲ್ಲ, ಗೊಬ್ಬರಾನೂ ಕೆಟ್ಟಿಲ್ಲ, ನಿಜವಾದ ಅಮೋನಿಯಂ ಸಲ್ಫೇಟ್ ಆಗಿರೋದಕ್ಕೇ ಆ ವಾಸನೆ ಬಂದಿದ್ದು. ನಾವು ಪ್ರಾಕ್ಟಿಕಲ್ಸ್‌ನಲ್ಲಿ ಮಕ್ಕಳಿಗೆ ಒಂದು ಬಿಳಿ ಪುಡಿ ಕೊಟ್ಟು ಇದ್ರಲ್ಲಿ ಅಮೋನಿಯಂ ಇದ್ಯಾ ನೋಡಿ ಅಂದಾಗ ಅವರು ಮಾಡೋದು ಏನು, ಒಂಚೂರು ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಬಿಸಿ ಮಾಡಿ, ಟ್ಯೂಬಿನ ಬಾಯಿಗೆ ಒದ್ದೆ ಕೆಂಪು ಲಿಟ್ಮಸ್ ಹಿಡಿಯೋದು, ಅದು ನೀಲಿ ಆದ್ರೆ ಅಮೋನಿಯಂ ಇದೆ ಅಂತ. ನೀವು ತೋಟದಲ್ಲಿ 300 ಮರದ ಬುಡದಲ್ಲಿ ಮಾಡಿರೋದು ಅದೇ ಪರೀಕ್ಷೆ, ಸೋಡಿಯಂ ಹೈಡ್ರಾಕ್ಸೈಡ್ ಬದಲು ಸುಣ್ಣ, ಅಷ್ಟೇ.

ಒಳಗೆ ಆಗೋದು ಹೀಗೆ. ಅಮೋನಿಯಾ ಅನ್ನೋದು ಗಾಳಿ, ಒಂದು ನೈಟ್ರೋಜನ್ ಮೂರು ಹೈಡ್ರೋಜನ್, ಬಿಟ್ರೆ ಹಾರಿ ಹೋಗುತ್ತೆ. ಅದಕ್ಕೆ ಇನ್ನೊಂದು ಹೈಡ್ರೋಜನ್ ಅಯಾನು (ಅಯಾನು ಅಂದ್ರೆ ಚಾರ್ಜ್ ಇರೋ ಕಣ) ಬಂದು ಅಂಟಿಕೊಂಡ್ರೆ ಅದೇ ಅಮೋನಿಯಂ ಅಯಾನು, ಆಗ ಅದಕ್ಕೆ ಪ್ಲಸ್ ಚಾರ್ಜ್ ಬಂತು, ಇನ್ನು ಹಾರೋ ಹಾಗಿಲ್ಲ, ನೀರಲ್ಲಿ ಕರಗಿ ಇರುತ್ತೆ, ಇಲ್ಲಾ ಮಣ್ಣಿನ ಜೇಡಿ ಕಣದ ಮೈನಸ್ ಚಾರ್ಜಿಗೆ ಅಂಟಿ ಕೂರುತ್ತೆ. ಗಾತ್ರದಲ್ಲೂ ಅದು ಪೊಟ್ಯಾಷಿಯಂ ಅಯಾನಿನ ಹತ್ರ ಹತ್ರ, ಅದಕ್ಕೇ ಕೆಲವು ಜೇಡಿಗಳ ಪದರದ ಮಧ್ಯೆ ಪೊಟ್ಯಾಷ್ ಕೂರೋ ಜಾಗದಲ್ಲಿ ಇದೂ ಹೋಗಿ ಸಿಕ್ಕಿಕೊಳ್ಳುತ್ತೆ. ಈ ಎರಡು ರೂಪದ ಮಧ್ಯೆ ಬಾಗಿಲು ಕಾಯೋದು ಪಿಎಚ್. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 9.25 ಇದ್ರೆ ಅರ್ಧಕ್ಕರ್ಧ, 7 ಇದ್ರೆ ಅಮೋನಿಯಾ ರೂಪದಲ್ಲಿರೋದು ನೂರಕ್ಕೆ ಒಂದು ಭಾಗಾನೂ ಇಲ್ಲ, 8ಕ್ಕೆ ನೂರಕ್ಕೆ ಐದು. ನಿಮ್ಮ 5.1ರ ಮಣ್ಣಲ್ಲಿ ಹಾರಿ ಹೋಗೋ ಪ್ರಶ್ನೆನೇ ಇರ್ಲಿಲ್ಲ. ಆದ್ರೆ ಅರಳಿಸಿದ ಸುಣ್ಣದ ತಿಳಿ ನೀರಿನ ಪಿಎಚ್ಚೇ 12ರ ಮೇಲೆ, ಅದು ತಾಗಿದ ಕಡೆ ಅಮೋನಿಯಂ ತನ್ನ ನಾಲ್ಕನೇ ಹೈಡ್ರೋಜನ್ ಬಿಟ್ಟುಕೊಟ್ಟು ಗಾಳಿಯಾಗಿ ಎದ್ದು ಹೋಯ್ತು, ಹಿಂದೆ ಉಳಿದಿದ್ದು ಜಿಪ್ಸಂ, ಅಂದ್ರೆ ಕ್ಯಾಲ್ಸಿಯಂ ಸಲ್ಫೇಟ್.

ಲೆಕ್ಕ ಹಾಕಿದ್ರೆ 132 ಗ್ರಾಂ ಅಮೋನಿಯಂ ಸಲ್ಫೇಟನ್ನ ಪೂರ್ತಿ ಬಿಡಿಸೋಕೆ 74 ಗ್ರಾಂ ಅರಳಿದ ಸುಣ್ಣ ಸಾಕು. ಅಂದ್ರೆ ನಿಮ್ಮ ಕಾಲು ಕೆಜಿಗೆ 140 ಗ್ರಾಂ ಸಾಕಿತ್ತು, ಹಾಕಿದ್ದು 500. ಹಾಗಂತ ಪೂರ್ತಿ ಹೋಗಿದೆ ಅಂತಲ್ಲ. ಎರಡೂ ತಾಗಿದ ಕಡೆ ಮಾತ್ರ ಈ ಕೆಲಸ ಆಗೋದು, ಕೆಳಗಿನ ಹುಳಿ ಮಣ್ಣು ಒಂದಷ್ಟು ಸುಣ್ಣಾನ ತಾನೇ ತಗೊಳ್ಳುತ್ತೆ, ಒಂದಷ್ಟು ಅಮೋನಿಯಾನ ತೇವ ಹಿಡಿದಿಟ್ಟುಕೊಳ್ಳುತ್ತೆ. ಇವತ್ತೇ ಮಾಡೋದು ಇಷ್ಟು: ಬುಡದ ಮೇಲೆ ಎರಡು ಇಂಚು ಮಣ್ಣು ಎಳೆದು ಮುಚ್ಚಿ, ಮೇಲೆ ದರಗು (ಒಣಗಿದ ಎಲೆ) ಹಾಸಿ, ಮಳೆ ಇಲ್ಲ ಅಂದ್ರೆ ಹದವಾಗಿ ನೀರು ಬಿಡಿ.

ಇನ್ನೂ ಹೋಗ್ತಾ ಇದ್ಯಾ ಅಂತ ನೋಡ್ಬೇಕು ಅಂದ್ರೆ ಲಿಟ್ಮಸ್ ಬೇಡ. ಬಿಳಿ ಬಟ್ಟೆ ಚೂರಿಗೆ ಅರಿಶಿನದ ನೀರು ಹಚ್ಚಿ, ಒದ್ದೆ ಇರೋವಾಗ್ಲೇ ಒಂದು ಲೋಟದ ಒಳಗೆ ತಳಕ್ಕೆ ಅಂಟಿಸಿ, ಲೋಟಾನ ಬುಡದ ಮಣ್ಣಿನ ಮೇಲೆ ಬೋರಲು ಹಾಕಿ. ಬಟ್ಟೆ ಮಣ್ಣಿಗೆ ತಾಗಬಾರದು. ಆರತಿಗೆ ಅರಿಶಿನಕ್ಕೆ ಸುಣ್ಣ ಹಾಕಿ ಕೆಂಪು ನೀರು ಮಾಡ್ತೀವಲ್ಲ, ಅದೇ ಕೆಂಪು, ಇಲ್ಲಿ ಸುಣ್ಣ ಮುಟ್ಟದೇ ಬರುತ್ತೆ, ಬರೀ ಅಮೋನಿಯಾದಿಂದ. ಬಟ್ಟೆ ಹೊರಗೆ ತೆಗೆದು ಗಾಳಿಗೆ ಹಿಡಿದ್ರೆ ಅಮೋನಿಯಾ ಹೋಗಿ ಮತ್ತೆ ಹಳದಿಗೆ ತಿರುಗುತ್ತೆ. ನನ್ನ ವಿದ್ಯಾರ್ಥಿಗಳಿಗೆ ವರ್ಷಾ ವರ್ಷ ತೋರಿಸ್ತಿದ್ದೆ, ಅಷ್ಟು ಚೆನ್ನಾಗಿ ಅಮೋನಿಯಂ ಅರ್ಥ ಮಾಡಿಸೋದು ಬೇರೆ ಯಾವುದೂ ಇಲ್ಲ ಅಂತ ಈಗ್ಲೂ ಅನ್ಸುತ್ತೆ.

ಗದಗ ಕಡೆಯಿಂದ, ಎರೆಹೊಲ

ಮೇಷ್ಟ್ರು ಹೇಳಿದ್ದು ಖರೆ ಐತ್ರಿ. ನಮ್ಮ ಕಡೆ ಸುಣ್ಣ ಹಾಕೋದೇ ಬ್ಯಾಡ, ಎರೆ ಮಣ್ಣಾಗ ಸುಣ್ಣದ ಹರಳು ಮೊದಲ ಅದಾವು, ನಮ್ಮ ಹೊಲದ ಪಿಎಚ್ 8.3. ಮೂರು ವರ್ಷದ ಹಿಂದ ಗೋವಿನಜೋಳ ಬಿತ್ತುವಾಗ ಕೆಲಸ ಲಗೂ ಆಗ್ಲಿ ಅಂತ ಬೀಜ ಮತ್ತ ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಗೊಬ್ಬರ ಎರಡೂ ಕೂರಿಗಿಯ ಒಂದ ತಾಳಿನಾಗ, ಅಂದ್ರ ಬೀಜ ಇಳಿಯೋ ಕೊಳವಿಯಾಗ, ಬಿಟ್ವಿ. ಎಂಟು ದಿನ ಆದ್ರೂ ಸಾಲು ಸಾಲೇ ಖಾಲಿ. ಬೀಜ ಖೊಟ್ಟಿ ಅಂತ ಅಂಗಡಿಗೆ ಜಗಳಕ್ಕ ಹೊಂಟಿದ್ದೆ, ನಮ್ಮ ಅಣ್ಣ ತಡೆದು ಮೊದಲು ಕೆದರಿ ನೋಡು ಅಂದ. ಕೆದರಿದ್ರ ಬೀಜ ಮೊಳಕಿ ಒಡದಿತ್ತು, ಬೇರಿನ ತುದಿ ಮಾತ್ರ ಸುಟ್ಟಂಗ ಕಂದು ಆಗಿತ್ತು, ಪಕ್ಕದಾಗ ಡಿಎಪಿ ಕಾಳು ಅರ್ಧ ಕರಗಿ ಅಂಟಿಕೊಂಡಿತ್ತು. ಡಿಎಪಿ ಒಳಗ ನೂರಕ್ಕ 18 ಸಾರಜನಕ ಐತಿ, ಅಷ್ಟೂ ಅಮೋನಿಯಂ, ಮತ್ತ ಅದು ಕರಗಿದಾಗ ಸುತ್ತ ಪಿಎಚ್ 8ರ ಹತ್ರ ಹೋಗ್ತದ, ಸುಣ್ಣದ ಎರೆ ಮಣ್ಣಾಗ ಅದಕ್ಕ ಇನ್ನಷ್ಟು ಜೋರು. ಆ ಒಂದೆರಡು ಬೆರಳ ಜಾಗದಾಗ ಎಳೀ ಬೇರಿಗೆ ಅಮೋನಿಯಾ ತಾಳಾಂಗಿಲ್ಲ. ಈಗ ಕೂರಿಗಿ ತಾಳು ಬ್ಯಾರೆ ಮಾಡೇವಿ, ಗೊಬ್ಬರ ಬೀಜದ ಪಕ್ಕಕ್ಕ ಎರಡು ಇಂಚು, ಕೆಳಗ ಎರಡು ಇಂಚು. ಮ್ಯಾಲೆ ಕೊಡೋ ಯೂರಿಯಾ ಹಸಿ ಇದ್ದಾಗ ಚೆಲ್ಲಿ ಅವತ್ತ ಎಡೆ ಹೊಡೀತೀವಿ. ಒಣ ನೆಲದ ಮ್ಯಾಲೆ ಚೆಲ್ಲಿ ಬಿಸಲಿಗೆ ಬಿಟ್ರ ದುಡ್ಡು ಗಾಳಿಗೆ ತೂರಿದಂಗ.

ಯೂರಿಯಾದಾಗ ಅಮೋನಿಯಂ ಇಲ್ಲಲ್ಲ ಅಂತ ಯಾರೋ ಕೇಳಬಹುದು. ಚೀಲದಾಗ ಇಲ್ಲ ಖರೆ. ಮಣ್ಣಿನ ಸೂಕ್ಷ್ಮಜೀವಿ ಬಿಟ್ಟ ಯೂರಿಯೇಸ್ ಅನ್ನೋ ಕಿಣ್ವ ಅದನ್ನ ಒಡದು ಅಮೋನಿಯಂ ಕಾರ್ಬೋನೇಟ್ ಮಾಡ್ತದ, ಕಾಳಿನ ಸುತ್ತ ಪಿಎಚ್ ಏರ್ತದ, ಅಲ್ಲಿಂದ ಕತಿ ಒಂದ.

ಮಂಡ್ಯ, ಭತ್ತ

ನಮ್ಮದು ನೀರಿನ ಗದ್ದೆ, ಹಾಗಾಗಿ ಸ್ವಲ್ಪ ಬೇರೆ ಥರ. ನಿಂತ ನೀರಿಗೆ ಯೂರಿಯಾ ಎರಚಿದ್ರೆ ಏನೂ ವಾಸನೆ ಬರಲ್ಲ, ಅದಕ್ಕೇ ಎಷ್ಟೋ ಜನಕ್ಕೆ ಹೋಗ್ತಿರೋದೇ ಗೊತ್ತಾಗಲ್ಲ. ಬಿಸಿಲಿಗೆ ನೀರಲ್ಲಿರೋ ಪಾಚಿ ಕಾರ್ಬನ್ ಡೈಆಕ್ಸೈಡ್ ಎಲ್ಲಾ ಹೀರ್ಕೊಂಡು ಮಧ್ಯಾಹ್ನದ ಹೊತ್ತಿಗೆ ನೀರಿನ ಪಿಎಚ್ 9 ದಾಟಿಸಿಬಿಡುತ್ತೆ, ರಾತ್ರಿ ಮತ್ತೆ ಇಳಿಯುತ್ತೆ. ಅಂದ್ರೆ ಮಟ ಮಟ ಮಧ್ಯಾಹ್ನ ನಿಂತ ನೀರಿಗೆ ಎರಚೋದು ಅತೀ ಕೆಟ್ಟ ಹೊತ್ತು. ನಾವು ಗದ್ದೆ ನೀರು ಬಸಿದು, ಕೆಸರಿನ ಮೇಲೆ ಸಾಯಂಕಾಲ ಮೇಲುಗೊಬ್ಬರ ಕೊಟ್ಟು, ಒಂದೆರಡು ದಿನ ಬಿಟ್ಟು ನೀರು ಕಟ್ತೀವಿ. ಕೆಸರಿನೊಳಗೆ ಉಸಿರಾಡೋ ಗಾಳಿ ಇಲ್ಲದೇ ಇರೋದ್ರಿಂದ ಅಮೋನಿಯಂ ಅಮೋನಿಯಂ ಆಗೇ ಉಳಿಯುತ್ತೆ, ಭತ್ತ ಅದನ್ನೇ ಇಷ್ಟಪಟ್ಟು ತಗೊಳ್ಳುತ್ತೆ. ಹೊಸಬರು ಯಾರಾದ್ರೂ ನೈಟ್ರೇಟ್ ಇರೋ ಗೊಬ್ಬರ ಗದ್ದೆಗೆ ಹಾಕೋಕೆ ಹೋದ್ರೆ ಬೇಡ ಅನ್ನಿ, ನೈಟ್ರೇಟ್ ಮೈನಸ್ ಚಾರ್ಜಿಂದು, ಮಣ್ಣು ಹಿಡಿಯಲ್ಲ, ಬಸಿದು ಹೋಗುತ್ತೆ ಇಲ್ಲಾ ಕೆಸರಲ್ಲಿ ನೈಟ್ರೋಜನ್ ಗಾಳಿಯಾಗಿ ಹೋಗುತ್ತೆ.

ಕೋಲಾರದಿಂದ, ಹಸು ಸಾಕ್ತೀವಿ

ಅಣ್ಣಾ, ತಿಪ್ಪೆಗೆ ಒಲೆ ಬೂದಿ ಸುರಿಯೋ ಅಭ್ಯಾಸ ಇದ್ರೆ ಅದನ್ನೂ ನಿಲ್ಲಿಸಿ, ಬೂದೀನೂ ಕ್ಷಾರವೇ. ನಮ್ಮತ್ತೆ ದಿನಾ ಬೆಳಿಗ್ಗೆ ಬೂದಿ ತಗೊಂಡೋಗಿ ಗಂಜಲ ಬಿದ್ದ ಸಗಣಿ ಮೇಲೆ ಹಾಕೋರು, ಘಾಟು ಎದ್ರೆ ಗೊಬ್ಬರ ಹದಕ್ಕೆ ಬರ್ತಾ ಇದೆ ಅಂತ ಅನ್ಕೊಂಡಿದ್ವಿ. ಆಮೇಲೆ ಪಶುವೈದ್ಯರೊಬ್ಬರು ಹೇಳಿದ್ಮೇಲೆ ಬೂದಿ ಬೇರೆ ಗುಂಡಿಗೆ, ಸಗಣಿ ಮೇಲೆ ಒಂದೊಂದು ಪದರ ಒಣ ಎಲೆ, ಆಗಾಗ ಸೂಪರ್ ಫಾಸ್ಫೇಟ್ ಒಂದು ಹಿಡಿ. ಅದ್ರಲ್ಲಿರೋ ಜಿಪ್ಸಂ ಅಮೋನಿಯಂ ಕಾರ್ಬೋನೇಟನ್ನ ಅಮೋನಿಯಂ ಸಲ್ಫೇಟ್ ಮಾಡಿ ಕಟ್ಟಿಹಾಕುತ್ತಂತೆ, ಕೊಟ್ಟಿಗೆ ಘಾಟು ನಿಜವಾಗ್ಲೂ ಕಮ್ಮಿ ಆಯ್ತು.

ಅದೇ ಅಮೋನಿಯಾ ಬೇಕು ಅಂತಾನೇ ಮಾಡೋ ಕೆಲಸವೂ ಒಂದಿದೆ. 100 ಕೆಜಿ ಒಣ ಹುಲ್ಲಿಗೆ 4 ಕೆಜಿ ಯೂರಿಯಾ ನೀರಲ್ಲಿ ಕರಗಿಸಿ ಚಿಮುಕಿಸಿ, ಟಾರ್ಪಾಲಿನಲ್ಲಿ ಗಾಳಿ ಆಡದಂಗೆ 21 ದಿನ ಕಟ್ಟಿಡ್ತೀವಿ, ಹುಲ್ಲು ಮೆತ್ತಗಾಗಿ ಹಸು ಚೆನ್ನಾಗಿ ತಿನ್ನುತ್ತೆ. ಬಿಚ್ಚೋ ದಿನ ಮಾತ್ರ ಗಾಳಿ ಬರೋ ಕಡೆ ನಿಂತು ಬಿಚ್ಚಬೇಕು, ಮಕ್ಕಳನ್ನ ಹತ್ರ ಬಿಡಬಾರದು, ಘಾಟು ಹೋಗೋವರೆಗೂ ಹರಡಿ ಆಮೇಲೆ ಹಾಕಬೇಕು. ಕರುಗಳಿಗೆ ಹಾಕಲ್ಲ.

ದಾವಣಗೆರೆಯಿಂದ

ಬಿಳಿ ಹೊಗೆ ವಿಷಯಕ್ಕೆ ನಾನು ಹೇಳ್ತೀನಿ, ನಮ್ಮಪ್ಪ ಪಾತ್ರೆಗೆ ಕಲಾಯಿ ಹಾಕ್ತಿದ್ರು. ನಾನು ತಿದಿ ಒತ್ತೋದು, ಅಪ್ಪ ಕಾದ ಹಂಡೆಯೊಳಗೆ ತವರ ತಾಗಿಸಿ, ಹತ್ತಿ ಉಂಡೆಗೆ ನವಸಾಗರದ ಪುಡಿ ಅದ್ದಿ ಒಂದೇ ಸಲಕ್ಕೆ ಸುತ್ತ ಒರೆಸೋದು. ಆಗ ಬುಸ್ ಅಂತ ದಟ್ಟ ಬಿಳಿ ಹೊಗೆ, ಹೊಗೆ ಸರಿದ್ರೆ ಒಳಗೆ ಬೆಳ್ಳಿ ಥರ ಹೊಳಪು. ನವಸಾಗರ ಅಂದ್ರೆ ಅಮೋನಿಯಂ ಕ್ಲೋರೈಡ್. ಬಿಸಿಗೆ ಅದು ಅಮೋನಿಯಾ ಮತ್ತೆ ಹೈಡ್ರೋಜನ್ ಕ್ಲೋರೈಡ್ ಆಗಿ ಒಡೆಯುತ್ತೆ, ಆ ಆಮ್ಲ ತಾಮ್ರದ ಕಿಲುಬು ತಿನ್ನುತ್ತೆ, ಮೇಲೆ ತಣ್ಣನೆ ಗಾಳಿಗೆ ಬಂದಾಗ ಎರಡೂ ಮತ್ತೆ ಕೂಡಿ ನವಸಾಗರದ ಸಣ್ಣ ಪುಡಿ ಆಗುತ್ತೆ, ನಾವು ಹೊಗೆ ಅಂತ ನೋಡೋದು ಆ ಪುಡೀನ. ಬರೀ ಅಮೋನಿಯಾಗೆ ಬಣ್ಣ ಇಲ್ಲ, ಕಣ್ಣಿಗೆ ಕಾಣಲ್ಲ. ನಿಮ್ಮ ತೋಟದಲ್ಲಿ ಜೊತೆಗೆ ಸೇರೋಕೆ ಆಮ್ಲದ ಆವಿ ಇಲ್ಲ, ಹೊಗೆ ಎಲ್ಲಿಂದ ಬರುತ್ತೆ? ಗೊಬ್ಬರದ ಮೇಲೆ ಅನುಮಾನ ಬೇಡ.

ಪ್ರಶ್ನೆ ಕೇಳಿದವನು

ಎಲ್ರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸಂಜೆ ಮೂರು ಮರದ ಬುಡದಲ್ಲಿ ಲೋಟ ಬೋರಲು ಹಾಕಿ ನೋಡ್ದೆ. ಎರಡೂ ಹಾಕಿದ ಮರದ್ದು ಹತ್ತು ನಿಮಿಷಕ್ಕೆ ಕೆಂಪು, ಬರೀ ಸುಣ್ಣ ಬಿದ್ದಿದ್ದು ಹಳದಿಯಾಗೇ ಇತ್ತು, ಎರಡೂ ಹಾಕಿ ಮಣ್ಣು ಮುಚ್ಚಿದ್ದರಲ್ಲಿ ಅಂಚು ಮಾತ್ರ ಸ್ವಲ್ಪ ಬಣ್ಣ. ಅಪ್ಪನಿಗೆ ತೋರಿಸ್ದೆ, ಬಟ್ಟೆ ಕೈಲಿ ಹಿಡ್ಕೊಂಡು ಅದು ಮತ್ತೆ ಹಳದಿ ಆಗೋವರೆಗೂ ನೋಡ್ತಾ ನಿಂತಿದ್ರು, ಆಮೇಲೆ ಅವರೇ ಹಾರೆ ತಗೊಂಡು ಮಣ್ಣು ಎಳೆಯೋಕೆ ಬಂದ್ರು. 300 ಮರಾನೂ ಮುಚ್ಚಿದ್ವಿ. ಮೇಷ್ಟ್ರೇ, ಉಳಿದ 800 ಮರಕ್ಕೆ ಏನು ಮಾಡ್ಲಿ, ಮತ್ತೆ ಈ 300ಕ್ಕೆ ಪುನಃ ಹಾಕ್ಬೇಕಾ?

ತೀರ್ಥಹಳ್ಳಿ ಮೇಷ್ಟ್ರು

ಉಳಿದ 800ರಲ್ಲಿ ಸುಣ್ಣ ಬೀಳದೇ ಇರೋ ಮರಕ್ಕೆ ಈಗ ಗೊಬ್ಬರ ಮಾತ್ರ ಹಾಕಿ, ಜೋರು ಮಳೆ ಹಿಡಿಯೋದಕ್ಕೆ ಮುಂಚೆ. ಸುಣ್ಣ ಬೇಸಿಗೆಗೆ ಇರ್ಲಿ, ಮಾರ್ಚ್‌ನಲ್ಲಿ ಹಾಕಿ ಮಣ್ಣಿಗೆ ಬೆರೆಸಿದ್ರೆ ಗೊಬ್ಬರದ ಹೊತ್ತಿಗೆ ಅದು ಮಣ್ಣಿನ ಜೊತೆ ಸೇರಿ ಶಾಂತವಾಗಿರುತ್ತೆ. ಯಾವಾಗ್ಲೂ ಎರಡರ ಮಧ್ಯೆ ಮೂರು ವಾರ ಅಂತರ ಇರ್ಲೇಬೇಕು. ಅರಳಿಸಿದ ಸುಣ್ಣದ ಬದಲು ಡಾಲೊಮೈಟ್ ಪುಡಿ ಸಿಕ್ಕಿದ್ರೆ ಇನ್ನೂ ಒಳ್ಳೇದು, ಅದು ಕಾರ್ಬೋನೇಟ್, ನಿಧಾನಕ್ಕೆ ಕೆಲಸ ಮಾಡೋದು, ಮೆಗ್ನೀಷಿಯಮ್ಮೂ ಸಿಗುತ್ತೆ.

ಈ 300ಕ್ಕೆ ಈಗ ಪುನಃ ಹಾಕೋದು ಬೇಡ. ಅಡಿಕೆಗೆ ವರ್ಷಕ್ಕೆ ಮರಕ್ಕೆ ಹೇಳೋದು 100 ಗ್ರಾಂ ಸಾರಜನಕ, ಎರಡು ಕಂತು. ನಿಮ್ಮ ಕಾಲು ಕೆಜಿಯಲ್ಲಿ 51 ಗ್ರಾಂ ಚಿಲ್ಲರೆ ಇತ್ತು, ಅದರಲ್ಲಿ ಉಳಿದಿದ್ದು ಮಳೆಗಾಲಕ್ಕೆ ನಡೆಯುತ್ತೆ. ನಮ್ಮ ಜಂಬಿಟ್ಟಿಗೆ ಮಣ್ಣಿಗೆ ಅಮೋನಿಯಂ ಹಿಡಿಯೋ ಶಕ್ತಿ ಎರೆ ಮಣ್ಣಿಗಿಂತ ತುಂಬಾ ಕಮ್ಮಿ, ಈಗ ಇನ್ನಷ್ಟು ಸುರಿದ್ರೆ ಆಷಾಢದ ಮಳೆಗೆ ಹಳ್ಳಕ್ಕೆ ಹೋಗುತ್ತೆ. ಸೆಪ್ಟೆಂಬರ್ ಕೊನೆಗೆ ಎರಡನೇ ಕಂತು ಕೊಡುವಾಗ ಈ ಮರಗಳಿಗೆ 50 ಗ್ರಾಂ ಯೂರಿಯಾ ಜಾಸ್ತಿ ಕೊಟ್ಟು ಮಣ್ಣು ಮುಚ್ಚಿ.

ಇನ್ನೊಂದು, ನಿಮ್ಮ ಪಿಎಚ್ 5.1ಕ್ಕೆ ಇಳಿದಿದ್ದು ಮಳೆಯಿಂದ ಮಾತ್ರ ಅಲ್ಲ. ಅಮೋನಿಯಂ ಮಣ್ಣಲ್ಲಿ ಹಾಗೇ ಕೂರಲ್ಲ, ನೈಟ್ರೊಸೊಮೊನಾಸ್, ನೈಟ್ರೊಬ್ಯಾಕ್ಟರ್ ಥರದ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡ್ತವೆ, ಒಂದೊಂದು ಅಮೋನಿಯಂಗೂ ಎರಡು ಹೈಡ್ರೋಜನ್ ಅಯಾನು ಮಣ್ಣಿಗೆ ಬೀಳುತ್ತೆ, ಅದೇ ಹುಳಿ. 100 ಕೆಜಿ ಅಮೋನಿಯಂ ಸಲ್ಫೇಟ್ ಬಿಟ್ಟು ಹೋಗೋ ಹುಳಿ ಸರಿ ಮಾಡೋಕೆ ಸುಮಾರು 110 ಕೆಜಿ ಕ್ಯಾಲ್ಸಿಯಂ ಕಾರ್ಬೋನೇಟ್ ಬೇಕು, ಯೂರಿಯಾಗೆ 80ರ ಆಸುಪಾಸು. ಸಾರಜನಕದ ಲೆಕ್ಕಕ್ಕೆ ನೋಡಿದ್ರೆ ಯೂರಿಯಾದಲ್ಲಿ ಹುಳಿ ಇನ್ನೂ ಕಮ್ಮಿ, ಯಾಕಂದ್ರೆ ಅದ್ರಲ್ಲಿ ನೂರಕ್ಕೆ 46 ಇದೆ, ಸಲ್ಫೇಟಲ್ಲಿ 20 ಚಿಲ್ಲರೆ. ಅಪ್ಪ ಎಷ್ಟು ವರ್ಷದಿಂದ ಬರೀ ಸಲ್ಫೇಟ್ ಹಾಕ್ತಿದಾರೆ ಕೇಳಿ ನೋಡಿ. ಮುಂದಿನ ವರ್ಷದಿಂದ ಒಂದು ಕಂತು ಯೂರಿಯಾ, ಜೊತೆಗೆ ಕೊಟ್ಟಿಗೆ ಗೊಬ್ಬರ ಜಾಸ್ತಿ ಮಾಡಿ, ಮಾರ್ಚ್‌ಗೆ ಮುಂಚೆ ಇನ್ನೊಂದ್ಸಲ ಮಣ್ಣು ಪರೀಕ್ಷೆ ಮಾಡಿಸಿ ಇಲ್ಲೇ ಹಾಕಿ. ಈ 300 ಮರದ ಮಣ್ಣು ಬೇರೆ, ಉಳಿದಿದ್ದು ಬೇರೆ ತೆಗೀರಿ, ಒಟ್ಟಿಗೆ ಬೆರೆಸಬೇಡಿ.