ಪಂಚಾಯಿತಿಯಲ್ಲಿ ದುಡ್ಡಿಲ್ಲ ಅಂದ್ರೆ ಮೊದಲು ನೀರುಗಂಟಿಯನ್ನು ಕೇಳಿ

ಬಾಗೇಪಲ್ಲಿ ಕಡೆಯ ಮೇಡಂ ಕೇಳಿದ್ದು ಇಷ್ಟು. ಪಿಡಿಓ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಆಗಿ ಮೊದಲ ಪೋಸ್ಟಿಂಗ್, ಅನುದಾನ ಸಾಲಲ್ಲ, ಕರೆಂಟ್ ಬಾಕಿ ಬೆಳೀತಾನೇ ಇದೆ, ಜನ ದಿನಾ ಬಂದು ಕೇಳ್ತಾರೆ, ಎಲ್ಲಿಂದ ಶುರು ಮಾಡಲಿ? ನಾನು ಕೋಲಾರ ಜಿಲ್ಲೆಯಲ್ಲಿ, ಹೆಚ್ಚಾಗಿ ಮುಳಬಾಗಿಲು ಕಡೆ, 22 ವರ್ಷ ಪಂಚಾಯಿತಿ ಕಾರ್ಯದರ್ಶಿ ಆಗಿದ್ದವನು. ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಮೇಡಂ ಪ್ರಶ್ನೆಗೆ ಕೆಲವರು ಮೊದಲು ತೆರಿಗೆ ಜಾಸ್ತಿ ಮಾಡಿ ಅಂದಿದ್ದಾರೆ. ನಾನು ಒಪ್ಪಲ್ಲ. ಮೊದಲು ಸೋರುವುದನ್ನು ನಿಲ್ಲಿಸಿ ಮೇಡಂ. ನಮ್ಮ ಕಡೆ ವರ್ಷವಿಡೀ ಹರಿಯುವ ನದಿ ಇಲ್ಲ, ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳೇ ಗತಿ, ಹಾಗಾಗಿ ಪಂಚಾಯಿತಿ ದುಡ್ಡು ಕೈಬಿಟ್ಟು ಹೋಗುವುದೇ ಕರೆಂಟಿಗೆ ಮತ್ತು ಮೋಟಾರ್ ರಿಪೇರಿಗೆ. 2021ರಿಂದ 2026ರವರೆಗಿನ ಹದಿನೈದನೇ ಹಣಕಾಸು ಆಯೋಗದ ಅನುದಾನವನ್ನೇ ನೋಡಿ. ಅದರಲ್ಲಿ ಶೇ. 60 ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ 40ರಲ್ಲೂ ಸಂಬಳ, ಆಡಳಿತ ಖರ್ಚು ಮಾಡುವಂತಿರಲಿಲ್ಲ. ಬೇಕಾದಂತೆ ಬಳಸಲು ನಿಮ್ಮ ಕೈಯಲ್ಲಿ ಉಳಿಯುವುದು ಕಂದಾಯದಂಥ ಸ್ವಂತ ಸಂಪನ್ಮೂಲ ಮಾತ್ರ, ಅದನ್ನು ಮೋಟಾರ್ ತಿನ್ನಬಾರದು.

ಒಂದು ಹಳ್ಳಿಯಲ್ಲಿ ನಮಗೆ ಒಂದೇ ವರ್ಷದಲ್ಲಿ ಮೂರು ಸಲ ಮೋಟಾರ್ ಸುಟ್ಟಿತು. ಪ್ರತಿ ಸಲವೂ ಗಾಡಿ ಕರೆಸಿ ಪೈಪ್ ಎತ್ತಿಸು, ಕಾಯಿಲ್ ಕಟ್ಟಿಸು, ಮತ್ತೆ ಇಳಿಸು, ಅಷ್ಟರಲ್ಲಿ ಊರಿಗೆ ಟ್ಯಾಂಕರ್ ಬೇರೆ. ನಾನು ಆಫೀಸಿನಲ್ಲಿ ಕೂತು ಬಿಲ್ ಬರೆಯುತ್ತಿದ್ದೆ, ಒಂದು ದಿನವೂ ಅಲ್ಲಿಗೆ ಹೋಗಿರಲಿಲ್ಲ. ಅದು ನನ್ನ ತಪ್ಪೇ. ಮೂರನೇ ಸಲ ಹೋದೆ. ಊರಿಗೆ ನೀರು ಬಿಡುವ ನೀರುಗಂಟಿ ಪ್ಯಾನೆಲ್ ಬೋರ್ಡಿನ ಬಾಗಿಲು ತೆಗೆದು ತೋರಿಸಿದರು. ಒಳಗೆ ಸುಟ್ಟ ವಾಸನೆ, ಜೇಡರ ಬಲೆ. ಮೂರು ಫೇಸ್ ಕರೆಂಟಿನಲ್ಲಿ ಒಂದು ಹೋದರೆ ಮೋಟಾರ್ ನಿಲ್ಲಿಸುವ ಪ್ರಿವೆಂಟರ್‌ಗೆ ಹೋಗಬೇಕಾದ ವೈರ್‌ಗಳನ್ನು ಒಂದಕ್ಕೊಂದು ಹೊಸೆದು ಕಪ್ಪು ಟೇಪ್ ಸುತ್ತಿದ್ದರು. ಅಂದರೆ ಒಂದು ಫೇಸ್ ಹೋದರೂ ಮೋಟಾರ್ ನಿಲ್ಲುವುದಿಲ್ಲ, ಓಡಿ ಓಡಿ ಸುಡುತ್ತದೆ. "ಅದು ಕೆಟ್ಟು ವರ್ಷ ಆಯ್ತು ಸಾರ್, ಎಷ್ಟೋ ಸಲ ಹೇಳ್ದೆ, ನೀರಿಲ್ಲ ಅಂತ ಜನ ಬೈತಿದ್ರು, ಡೈರೆಕ್ಟ್ ಕೊಟ್ಬಿಟ್ಟೆ" ಅಂದರು. ಹೇಳಿದ್ದು ನಿಜ. ಬರೆದುಕೊಂಡವರು ಯಾರೂ ಇರಲಿಲ್ಲ. ಹೊಸ ಪ್ರಿವೆಂಟರ್ ಬೆಲೆ ಒಂದು ಸಲ ಮೋಟಾರ್ ಎತ್ತಿಸುವ ಖರ್ಚಿನ ಮುಂದೆ ಲೆಕ್ಕಕ್ಕೇ ಇಲ್ಲ. ನೀರು ಕೆಳಗೆ ಹೋದಾಗ ತಾನೇ ಆಫ್ ಆಗುವ ಡ್ರೈ ರನ್ ರಕ್ಷಣೆ ಇರುವುದನ್ನೇ ಹಾಕಿಸಿದೆವು. ಆಮೇಲೆ ಎರಡು ವರ್ಷ ಆ ಮೋಟಾರ್ ಮೇಲೆ ಬರಲಿಲ್ಲ.

ಅವತ್ತಿನಿಂದ ಪ್ರತಿ ನೀರುಗಂಟಿಗೂ ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟೆ. ಮೋಟಾರ್ ಎಷ್ಟು ಗಂಟೆಗೆ ಆನ್, ಎಷ್ಟಕ್ಕೆ ಆಫ್, ಟ್ಯಾಂಕ್ ತುಂಬಿತೋ ಇಲ್ಲವೋ. ಅಷ್ಟೇ ಬರೆಯಬೇಕು. ಮೂರು ಗಂಟೆಯಲ್ಲಿ ತುಂಬುತ್ತಿದ್ದ ಟ್ಯಾಂಕ್ ನಾಲ್ಕೂವರೆ ತಗೊಳ್ತಿದೆ ಅಂದರೆ ಬೋರ್‌ನಲ್ಲಿ ನೀರು ಕಮ್ಮಿ ಆಗಿದೆ, ಇಲ್ಲವೇ ಪೈಪ್ ಎಲ್ಲೋ ಒಡೆದಿದೆ. ಎರಡೂ ಮೊದಲೇ ಗೊತ್ತಾದರೆ ಸಣ್ಣ ಖರ್ಚು. ಒಂದು ಮಾತು ಮಾತ್ರ ದಯವಿಟ್ಟು ಮರೀಬೇಡಿ, ಅವರ ಸಂಬಳ ತಿಂಗಳುಗಟ್ಟಲೆ ಬಾಕಿ ಇಟ್ಟುಕೊಂಡು ಪುಸ್ತಕ ಬರೀರಿ ಅಂದರೆ ಯಾರೂ ಬರೆಯಲ್ಲ, ಬರೆಯಬೇಕಾಗಿಯೂ ಇಲ್ಲ.

ಕರೆಂಟ್ ಬಿಲ್ ಬಗ್ಗೆ. ಒಟ್ಟು ಮೊತ್ತ ನೋಡಿ ಗಾಬರಿಯಾಗಬೇಡಿ, ಆರ್‌ಆರ್ ನಂಬರ್‌ಗಳ (ಪ್ರತಿ ಕರೆಂಟ್ ಸಂಪರ್ಕಕ್ಕೂ ಇರುವ ನಂಬರ್) ಪಟ್ಟಿ ತೆಗೆಸಿ. ಒಂದೊಂದನ್ನೂ ಜಾಗಕ್ಕೆ ಹೋಗಿ ಹುಡುಕಿ, ಲೈನ್‌ಮನ್‌ನೂ ಜೊತೆಗೆ ಕರ್ಕೊಂಡು ಹೋಗಿ. ನಮ್ಮಲ್ಲಿ ಬತ್ತಿ ಎಷ್ಟೋ ವರ್ಷ ಆಗಿದ್ದ ಬೋರ್‌ವೆಲ್‌ಗಳಿಗೂ ಬಿಲ್ ಬರುತ್ತಿತ್ತು, ಯಾಕೆಂದರೆ ಸಂಪರ್ಕ ತೆಗೆಯಿರಿ ಅಂತ ನಾವು ಅರ್ಜಿಯನ್ನೇ ಕೊಟ್ಟಿರಲಿಲ್ಲ. ಬೀದಿ ದೀಪ ಹಗಲು ಹತ್ತು ಗಂಟೆಯವರೆಗೂ ಉರಿಯುತ್ತಿದ್ದರೆ ಟೈಮರ್ ಹಾಕಿಸಿ, ಅದು ಎಲ್ಲರಿಗೂ ಗೊತ್ತಿರುವ ವಿಷಯ.

ಇಷ್ಟಾದ ಮೇಲೆ ಕಂದಾಯ. ರೇಟ್ ಏರಿಸುವ ಮುಂಚೆ ಬೇಡಿಕೆ ವಹಿ, ಅಂದರೆ ಯಾವ ಮನೆ ಎಷ್ಟು ಕಂದಾಯ ಕಟ್ಟಬೇಕು ಅಂತ ಬರೆದಿರುವ ಪುಸ್ತಕ, ಸರಿಮಾಡಿ. ಎರಡು ಅಂತಸ್ತು ಕಟ್ಟಿದ ಮನೆ ವಹಿಯಲ್ಲಿ ಇನ್ನೂ ಹೆಂಚಿನ ಮನೆ ಆಗಿಯೇ ಇರುತ್ತದೆ. ವಸೂಲಿಗೆ ನಮ್ಮ ಬಿಲ್ ಕಲೆಕ್ಟರ್ ಕಂಡುಕೊಂಡ ದಾರಿ ಹೇಳಲೇಬೇಕು. ಹಗಲು ಹೋದರೆ ಮನೆಗಳಿಗೆ ಬೀಗ, ಎಲ್ಲರೂ ತೋಟದಲ್ಲಿ. ಅವರು ಹಾಲಿನ ಡೈರಿಯಲ್ಲಿ ಬಟವಾಡೆ ಆಗುವ ದಿನ ಸಂಜೆ, ಪಕ್ಕದ ಅರಳಿಕಟ್ಟೆ ಮೇಲೆ ರಸೀದಿ ಪುಸ್ತಕ ಇಟ್ಟುಕೊಂಡು ಕೂರುತ್ತಿದ್ದರು. ಯಾರನ್ನೂ ಬಲವಂತ ಮಾಡಲಿಲ್ಲ, ಹಾಲಿನ ದುಡ್ಡಲ್ಲಿ ಹಿಡಿದುಕೊಳ್ಳಿ ಅಂತ ಡೈರಿಯವರಿಗೂ ಹೇಳಲಿಲ್ಲ. ಕೈಯಲ್ಲಿ ದುಡ್ಡಿದ್ದಾಗ ಎದುರಿಗೆ ರಸೀದಿ ಸಿಕ್ಕರೆ ಜನ ಕಟ್ಟುತ್ತಾರೆ, ಅದರಲ್ಲೂ ಹೆಣ್ಣುಮಕ್ಕಳು ಮೊದಲು ಕಟ್ಟುತ್ತಾರೆ. ಯಾರಾದರೂ "ನಮ್ಮ ಬೀದಿಗೆ ನೀರೇ ಬರಲ್ಲ, ಯಾಕೆ ಕಟ್ಟಲಿ" ಅಂದರೆ ವಾದ ಬೇಡ, ಅದನ್ನು ಅಲ್ಲೇ ಬರೆದುಕೊಂಡು ಮಾರನೇ ದಿನ ನೀರುಗಂಟಿಯನ್ನು ಆ ಬೀದಿಗೆ ಕಳಿಸಿ.

ಇನ್ನು ಆಫೀಸಿನ ಗಲಾಟೆ. ಒಬ್ಬರು ಅಜ್ಜಿ ಇ-ಸ್ವತ್ತಿನ ನಮೂನೆ 9ಕ್ಕೆ (ಮನೆ, ನಿವೇಶನದ ಆಸ್ತಿ ದಾಖಲೆ) ನಾಲ್ಕು ಸಲ ಬಂದರು. ಆರು ಕಿಲೋಮೀಟರ್ ದೂರ, ದಿನಕ್ಕೆ ಎರಡೇ ಬಸ್ಸು. ಪ್ರತಿ ಸಲ ಒಂದೊಂದು ಕಾಗದ ಕಮ್ಮಿ ಅಂತ ನಾವು ವಾಪಸ್ ಕಳಿಸಿದ್ದೆವು. ನಾಲ್ಕನೇ ಸಲ ಸೆರಗಿನ ಗಂಟು ಬಿಚ್ಚಿ ಬಸ್ ಟಿಕೆಟ್‌ಗಳನ್ನೆಲ್ಲಾ ಮೇಜಿನ ಮೇಲೆ ಇಟ್ಟರು. ಏನೂ ಮಾತಾಡಲಿಲ್ಲ. ಅವತ್ತು ಸಂಜೆಯೇ ಯಾವ ಅರ್ಜಿಗೆ ಏನೇನು ಕಾಗದ ಬೇಕು ಅಂತ ದೊಡ್ಡ ಅಕ್ಷರದಲ್ಲಿ ಬರೆಸಿ ಬಾಗಿಲ ಹೊರಗೆ ಹಾಕಿಸಿದೆ. ಅರ್ಜಿ ತಗೊಂಡರೆ ಸ್ವೀಕೃತಿ ಚೀಟಿ ಕೊಡಲೇಬೇಕು ಅಂತ ಸಿಬ್ಬಂದಿಗೂ ಹೇಳಿದೆ. ಇಷ್ಟು ದಿನದೊಳಗೆ ಕೆಲಸ ಮಾಡಿಕೊಡಬೇಕು ಅನ್ನುವ 'ಸಕಾಲ' ಕಾಯ್ದೆಯಡಿ ಬರುವ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500ರವರೆಗೆ ಜನರಿಗೆ ಪರಿಹಾರ ಸಿಗಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಅದನ್ನೂ ಬೋರ್ಡಿನಲ್ಲಿ ಬರೆಸಿ ಮೇಡಂ. ಇದಕ್ಕೆ ಯಾವ ಅನುದಾನವೂ ಬೇಕಿಲ್ಲ.

ನೀರುಗಂಟಿಗಳ ಸಭೆ ಈ ವಾರವೇ ಕರೀರಿ. ಬೆಳಗ್ಗೆ ಬೇಡ, ಅದು ನೀರು ಬಿಡುವ ಹೊತ್ತು. ಮಧ್ಯಾಹ್ನ ಮೂರರ ಮೇಲೆ ಇಡಿ, ಟೀ ತರಿಸಿ, ಪೆನ್ನು ನಿಮ್ಮ ಕೈಯಲ್ಲೇ ಇರಲಿ.